ತಲೆಗೆ ಎರಡು ಲಕ್ಷ: ಈ ಲೆಕ್ಕ ಎಲ್ಲಿಂದ ಬಂತು?

ಮುಂಬೈಯ ಮಾಟುಂಗದ ಆ ಹೋಟೆಲಿನಲ್ಲಿ ಮಧ್ಯಾಹ್ನ ಮೂರೂವರೆಗೆ ಊಟದ ಗದ್ದಲ ಇಳಿದಿರುತ್ತದೆ, ಸಂಜೆಯ ತಿಂಡಿಯವರು ಇನ್ನೂ ಬಂದಿರುವುದಿಲ್ಲ. ಕಾಫಿಗೆ ನಾನು ಹೋಗುವುದು ಆ ಹೊತ್ತಿಗೇ. ಅಲ್ಲಿ ಸಪ್ಲೈಯರ್ ಆಗಿರುವ ಬೈಂದೂರು ಕಡೆಯ ಒಬ್ಬರು ಹಿಂದೆ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದರು. ಒಂದು ದಿನ ಅವರು ಕಾಫಿಯ ಜೊತೆಗೆ ಪತ್ರಿಕೆಯನ್ನೂ ತಂದು ಮೇಜಿನ ಮೇಲಿಟ್ಟರು. ದೇಶದ ತಲಾದಾಯ ಎರಡು ಲಕ್ಷ ರೂಪಾಯಿ ದಾಟಿದೆ ಎಂಬ ಸುದ್ದಿಯ ಕೆಳಗೆ ಪೆನ್ನಿನಿಂದ ಗೆರೆ ಎಳೆದಿದ್ದರು.

"ಮಾಸ್ಟ್ರೇ, ಊರಿನಲ್ಲಿ ಅಮ್ಮ, ಹೆಂಡತಿ, ಇಬ್ಬರು ಮಕ್ಕಳು. ಇಲ್ಲಿ ನಾನು. ಒಟ್ಟು ಐದು ತಲೆ. ಹಾಗಾದರೆ ನಮ್ಮ ಮನೆಗೆ ವರ್ಷಕ್ಕೆ ಹತ್ತು ಲಕ್ಷ ಬರಬೇಕಲ್ಲವೇ? ನನ್ನ ಸಂಬಳ ತಿಂಗಳಿಗೆ ಇಪ್ಪತ್ತೆರಡು ಸಾವಿರ."

ಅವರ ಗುಣಾಕಾರ ಸರಿಯಾಗಿತ್ತು. ಮನೆಗೆ ಬರುವುದು ವರ್ಷಕ್ಕೆ 2,64,000 ರೂಪಾಯಿ. ಐವರಿಗೆ ಹಂಚಿದರೆ ತಲೆಗೆ 52,800. ದೇಶದ ಸರಾಸರಿಯ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಸುದ್ದಿ ಸುಳ್ಳೇ ಎಂದು ಅವರು ಕೇಳಿದರು. ಸುಳ್ಳಲ್ಲ ಎಂದೆ. ಆದರೆ ಕಾಫಿ ಆರುವುದರೊಳಗೆ ಹೇಳಿ ಮುಗಿಸುವ ಉತ್ತರ ಅದಾಗಿರಲಿಲ್ಲ. ಅಂದು ಹೇಳಲಾಗದೆ ಉಳಿದದ್ದನ್ನೆಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಹೇಳಬೇಕಾದದ್ದು, ಈ ಲೆಕ್ಕದ ಬೇರು ಮುಂಬೈಯಲ್ಲೂ ಇದೆ. ಚರ್ಚ್‌ಗೇಟಿನಿಂದ ಫೋರ್ಟಿಗೆ ನಡೆದು ಹೋಗುವವರಿಗೆ ಫ್ಲೋರಾ ಫೌಂಟನ್ ಬಳಿ ದಾದಾಭಾಯಿ ನವರೋಜಿಯವರ ಪ್ರತಿಮೆ ಕಾಣುತ್ತದೆ. ಅಲ್ಲಿಂದ ರೈಲು ನಿಲ್ದಾಣದ ಕಡೆಗೆ ಹೋಗುವ ರಸ್ತೆಗೂ ಅವರದೇ ಹೆಸರು. 1876ರಲ್ಲಿ ಈ ಊರಿನ ಸಭೆಯೊಂದರ ಮುಂದೆ ಅವರು ಭಾರತದ ಬಡತನದ ಬಗ್ಗೆ ಪ್ರಬಂಧ ಓದಿದರು. ಬ್ರಿಟಿಷ್ ಆಡಳಿತದ ವರದಿಗಳಿಂದಲೇ ಪ್ರಾಂತ್ಯ ಪ್ರಾಂತ್ಯದ ಬೆಳೆಯ ಮೌಲ್ಯ ಹೆಕ್ಕಿ, ಉಪ್ಪು, ಗಣಿ, ಕೈಗಾರಿಕೆಗಳಿಗೆ ಒಂದಷ್ಟು ಸೇರಿಸಿ, ವರ್ಷದ ಒಟ್ಟು ಉತ್ಪನ್ನ ಸುಮಾರು 34 ಕೋಟಿ ಪೌಂಡು ಎಂದು ಲೆಕ್ಕ ಹಾಕಿದರು. ಜನ 17 ಕೋಟಿ. ತಲೆಗೆ ಎರಡು ಪೌಂಡು, ಅಂದಿನ ಇಪ್ಪತ್ತು ರೂಪಾಯಿ. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಸರ್ಕಾರ ಜೈಲಿನಲ್ಲಿರುವ ಕೈದಿಯೊಬ್ಬನ ಅನ್ನ ಬಟ್ಟೆಗೆ ಎಷ್ಟು ಖರ್ಚು ಮಾಡುತ್ತದೆ ಎಂಬುದನ್ನು ಅದರ ಪಕ್ಕದಲ್ಲಿಟ್ಟರು. ದುಡಿಯುವ ರೈತನ ಪಾಲಿಗೆ ಕೈದಿಯ ಪಾಲಿನಷ್ಟೂ ಇರಲಿಲ್ಲ. ಸರಾಸರಿ ಎಂಬ ಒಣ ಅಂಕಿಗೆ ಹೊಟ್ಟೆಯ ಅಳತೆಗೋಲು ಹಿಡಿದ ಈ ಕೆಲಸವನ್ನು ಪಾಠ ಮಾಡುವಾಗ ಪ್ರತಿ ಸಲವೂ ನನಗೆ ಮಾತು ಕಟ್ಟುತ್ತಿತ್ತು.

ನವರೋಜಿಯವರು ಕೈಗೆ ಸಿಗುವ ವಸ್ತುಗಳನ್ನಷ್ಟೇ ಎಣಿಸಿದ್ದರು. ಸೇವೆಗಳು ಅವರ ಲೆಕ್ಕದಲ್ಲಿ ಇರಲಿಲ್ಲ. ಅಡುಗೆ ಮಾಡಿ ಬಡಿಸುವವರು, ಪಾಠ ಹೇಳುವವರು, ಗಾಡಿ ಹೊಡೆಯುವವರು ಯಾರೂ ಅದರಲ್ಲಿ ಬರುತ್ತಿರಲಿಲ್ಲ. ಸೇವೆಗಳನ್ನೂ ಸೇರಿಸಿ, ಕೆಲವು ಕಡೆ ಉತ್ಪನ್ನವನ್ನೂ ಕೆಲವು ಕಡೆ ಆದಾಯವನ್ನೂ ಅಳೆದು, ಶಾಸ್ತ್ರೀಯವಾಗಿ ಲೆಕ್ಕ ಕಟ್ಟಿದವರು ವಿ.ಕೆ.ಆರ್.ವಿ. ರಾವ್. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಹೋದ, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದ ಅದೇ ರಾವ್. 1931-32ಕ್ಕೆ ಅವರು ಹಾಕಿದ ಅಂದಾಜು ತಲೆಗೆ 62 ರೂಪಾಯಿ. ಸ್ವಾತಂತ್ರ್ಯದ ನಂತರ 1949ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಆದಾಯ ಸಮಿತಿ ರಚಿಸಿದಾಗ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ಅಧ್ಯಕ್ಷತೆಯಲ್ಲಿ ರಾವ್ ಮತ್ತು ಪುಣೆಯ ಗೋಖಲೆ ಸಂಸ್ಥೆಯ ಡಿ.ಆರ್. ಗಾಡ್ಗೀಳ್ ಸದಸ್ಯರಾದರು. ಇಂದು ಪತ್ರಿಕೆಯಲ್ಲಿ ಬರುವ ಅಂಕಿ ಅವರು ಹಾಕಿಕೊಟ್ಟ ದಾರಿಯಲ್ಲೇ ಬರುತ್ತದೆ.

ಈಗ ಲೆಕ್ಕದ ಒಳಗೆ ಹೋಗೋಣ. ಅದಕ್ಕೆ ಆ ಹೋಟೆಲಿನ ಇಡ್ಲಿಯೇ ಸಾಕು. ರೈತನೊಬ್ಬ ಸಾವಿರ ರೂಪಾಯಿಯ ಅಕ್ಕಿ, ಉದ್ದು ಮಾರಿದ ಎಂದುಕೊಳ್ಳಿ. ವ್ಯಾಪಾರಿ ಅದನ್ನು ಹೋಟೆಲಿಗೆ 1,300ಕ್ಕೆ ಕೊಟ್ಟ. ಹೋಟೆಲಿನವರು ಅದನ್ನು ಇಡ್ಲಿ ಮಾಡಿ 4,000 ರೂಪಾಯಿಗೆ ಮಾರಿದರು. ಮೂರನ್ನೂ ಕೂಡಿ 6,300 ಎಂದರೆ ಒಂದೇ ಅಕ್ಕಿಯನ್ನು ಮೂರು ಸಲ ಎಣಿಸಿದಂತಾಗುತ್ತದೆ. ದೇಶದ ಉತ್ಪನ್ನಕ್ಕೆ ಸೇರುವುದು ಕೊನೆಯ 4,000 ಮಾತ್ರ. ಅದನ್ನೇ ಇನ್ನೊಂದು ಬಗೆಯಲ್ಲಿಯೂ ಕಾಣಬಹುದು: ರೈತ ಸೇರಿಸಿದ ಮೌಲ್ಯ 1,000, ವ್ಯಾಪಾರಿ ಸೇರಿಸಿದ್ದು 300, ಹೋಟೆಲು ಸೇರಿಸಿದ್ದು 2,700. ಗ್ಯಾಸು, ಕರೆಂಟಿನ ಬಿಲ್ಲನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಆ 2,700 ಎಲ್ಲಿಗೆ ಹೋಯಿತು? ಭಟ್ಟರ, ಸಪ್ಲೈಯರ, ಪಾತ್ರೆ ತೊಳೆಯುವವರ ಸಂಬಳಕ್ಕೆ, ಜಾಗದ ಬಾಡಿಗೆಗೆ, ಬ್ಯಾಂಕಿನ ಬಡ್ಡಿಗೆ, ಉಳಿದದ್ದು ಮಾಲೀಕರ ಲಾಭಕ್ಕೆ. ಹೀಗೆ ಸೇರಿಸಿದ ಮೌಲ್ಯವೆಲ್ಲ ಯಾರಾದರೊಬ್ಬರ ಆದಾಯವಾಗಿಯೇ ತೀರುತ್ತದೆ. ಆದ್ದರಿಂದಲೇ ತಲಾ ಉತ್ಪನ್ನ, ತಲಾದಾಯ ಎಂಬ ಎರಡು ಮಾತುಗಳು ಒಂದೇ ಮನೆಯ ಎರಡು ಬಾಗಿಲುಗಳ ಹಾಗೆ ಬಳಕೆಯಲ್ಲಿವೆ.

ಆದರೂ ಎರಡೂ ಒಂದೇ ಅಲ್ಲ. ದೇಶದ ಗಡಿಯೊಳಗೆ ಒಂದು ವರ್ಷದಲ್ಲಿ ತಯಾರಾದದ್ದೆಲ್ಲ ಒಟ್ಟು ದೇಶೀಯ ಉತ್ಪನ್ನ, ಅಂದರೆ ಜಿಡಿಪಿ. ಅದರಲ್ಲಿ ವಿದೇಶಿ ಮಾಲೀಕರಿಗೆ ಹೋಗುವ ಲಾಭ, ಬಡ್ಡಿಯನ್ನು ಕಳೆದು, ವಿದೇಶದಿಂದ ನಮಗೆ ಬರುವುದನ್ನು ಕೂಡಿ, ಯಂತ್ರ ಕಟ್ಟಡಗಳ ಸವಕಳಿಯನ್ನು ಕಳೆದರೆ ನಿವ್ವಳ ರಾಷ್ಟ್ರೀಯ ಆದಾಯ. ಸರ್ಕಾರ ತಲಾದಾಯ ಎಂದು ಪ್ರಕಟಿಸುವುದು ಈ ಎರಡನೆಯದನ್ನು. 2024-25ರ ತಾತ್ಕಾಲಿಕ ಅಂದಾಜಿನಲ್ಲಿ ತಲಾ ಜಿಡಿಪಿ ಸುಮಾರು 2.35 ಲಕ್ಷ, ತಲಾದಾಯ ಸುಮಾರು 2.05 ಲಕ್ಷ. ಇಬ್ಬರು ಸ್ನೇಹಿತರು ಬೇರೆ ಬೇರೆ ಅಂಕಿ ಹಿಡಿದು ಜಗಳವಾಡುತ್ತಿದ್ದರೆ ಹೆಚ್ಚಿನ ಸಲ ಕಾರಣ ಇದೇ.

ಗಡಿಯ ಮಾತು ನಮ್ಮಂಥ ವಲಸೆಗಾರರಿಗೆ ಬಹಳ ಮುಖ್ಯ. ನನ್ನ ಆ ವಿದ್ಯಾರ್ಥಿ ದಿನವಿಡೀ ನಿಂತು ದುಡಿದು ಸೇರಿಸುವ ಮೌಲ್ಯ ಮಹಾರಾಷ್ಟ್ರದ ಉತ್ಪನ್ನಕ್ಕೆ ಸೇರುತ್ತದೆ. ಅವರು ಊರಿಗೆ ಕಳಿಸುವ ಹಣದಿಂದ ಬೈಂದೂರಿನಲ್ಲಿ ಅಮ್ಮನ ಔಷಧಿ, ಮಕ್ಕಳ ಶುಲ್ಕ ನಡೆಯುತ್ತದೆ. ತಲೆ ಎಣಿಸುವಾಗ ಅಮ್ಮ, ಹೆಂಡತಿ, ಮಕ್ಕಳು ಕರ್ನಾಟಕದವರು. ಅಂದರೆ ಭಾಜ್ಯ ಇಲ್ಲಿ, ಭಾಜಕ ಅಲ್ಲಿ. ಹಿಂದೆ ಮನಿಯಾರ್ಡರಿನ ಕಾಲದಲ್ಲಿ ದಕ್ಷಿಣ ಕನ್ನಡದ ಅದೆಷ್ಟೋ ಮನೆಗಳ ಮಾಡಿಗೆ ಹಂಚು ಬಂದದ್ದು ಮುಂಬೈ ಹೋಟೆಲುಗಳ ದುಡಿಮೆಯಿಂದ. ಜಿಲ್ಲೆಯ ಉತ್ಪನ್ನದ ಲೆಕ್ಕದಲ್ಲಿ ಆ ಹಂಚು ಹೊರಿಸಿದ ಬೆವರು ಇರಲಿಲ್ಲ. ಗಲ್ಫಿನಿಂದ ಬರುವ ಹಣದ ಕತೆಯೂ ಹೀಗೆಯೇ. ಅಲ್ಲಿ ವರ್ಷಗಟ್ಟಲೆ ನೆಲೆಸಿ ದುಡಿಯುವವರ ಉತ್ಪನ್ನ ಆ ದೇಶದ ಜಿಡಿಪಿಗೆ ಸೇರುತ್ತದೆ, ಊರಿನ ಮನೆ ಮಾತ್ರ ಎತ್ತರವಾಗುತ್ತದೆ.

ಗೋವಾದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ತಲಾದಾಯದಲ್ಲಿ ಆ ರಾಜ್ಯ ದೇಶದ ಮೊದಲ ಕೆಲವು ರಾಜ್ಯಗಳಲ್ಲಿ ಒಂದು. ಇತ್ತೀಚಿನ ವರ್ಷಗಳಲ್ಲಿ ಐದು ಲಕ್ಷದ ಆಸುಪಾಸು, ದೇಶದ ಸರಾಸರಿಯ ಎರಡೂವರೆ ಪಟ್ಟಿಗಿಂತ ಹೆಚ್ಚು. 2011ರ ಜನಗಣತಿಯಲ್ಲಿ ಅಲ್ಲಿದ್ದವರು 14.6 ಲಕ್ಷ ಜನ ಮಾತ್ರ. ಇಷ್ಟು ಚಿಕ್ಕ ಭಾಜಕವಿರುವಲ್ಲಿ ಒಂದೆರಡು ಉದ್ಯಮಗಳು ಏರಿದರೆ ತಲಾ ಅಂಕಿ ಜಿಗಿಯುತ್ತದೆ, ಇಳಿದರೆ ಬೀಳುತ್ತದೆ. 2012ರ ಸೆಪ್ಟೆಂಬರ್‌ನಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಾಗ ರಾಜ್ಯದ ಒಟ್ಟು ಉತ್ಪನ್ನವೇ ಹಿಂದೆ ಸರಿಯಿತು. ವಾಸ್ಕೋದ ಬೈನಾ, ಝುವಾರಿನಗರಗಳಲ್ಲಿ ಬಾಗಲಕೋಟೆ, ವಿಜಯಪುರ, ಗದಗ ಕಡೆಯ ಕೂಲಿಯವರು ಸಾವಿರಾರು ಸಂಖ್ಯೆಯಲ್ಲಿದ್ದಾರೆ. ತಲೆಗೆ ಐದು ಲಕ್ಷ ಎಂಬ ಮಾತು ಅವರ ತಗಡಿನ ಮಾಡಿನ ಕೆಳಗೆ ಎಷ್ಟು ದೂರ ಬರುತ್ತದೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ವೆರ್ಣಾದ ಔಷಧ ಕಾರ್ಖಾನೆಯೊಂದರ ಲಾಭ ಗೋವಾದ ಉತ್ಪನ್ನದಲ್ಲಿ ಎಣಿಕೆಯಾಗಿ, ಷೇರುದಾರರ ಮನೆ ಬೇರೆಲ್ಲೋ ಇರಬಹುದು. ಐರ್ಲೆಂಡಿನಲ್ಲಿ 2015ರಲ್ಲಿ ಇದು ವಿಪರೀತಕ್ಕೆ ಹೋಯಿತು. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಆಸ್ತಿಯನ್ನು ಕಾಗದದ ಮೇಲೆ ಅಲ್ಲಿಗೆ ವರ್ಗಾಯಿಸಿದ್ದರಿಂದ ಒಂದೇ ವರ್ಷದಲ್ಲಿ ಜಿಡಿಪಿ ಶೇಕಡಾ 26ರಷ್ಟು ಏರಿತೆಂದು ಪ್ರಕಟವಾಯಿತು. ಆ ದೇಶದವರೇ ಅದನ್ನು ನಂಬಲಾರದೆ ತಮಗಾಗಿ ಬೇರೆ ಅಳತೆ ಮಾಡಿಕೊಂಡರು.

ಇಷ್ಟು ಒಂದು ವರ್ಷದ ಲೆಕ್ಕ. ನನ್ನ ದೃಷ್ಟಿಯಲ್ಲಿ ತಲಾ ಉತ್ಪನ್ನಕ್ಕೆ ನಿಜವಾದ ಬೆಲೆ ಬರುವುದು ಅದನ್ನು ದಶಕಗಳ ಉದ್ದಕ್ಕೆ ಓದಿದಾಗ. ಆದರೆ ಹಾಗೆ ಓದಲು ಹೊರಟರೆ ಮೊದಲು ಎದುರಾಗುವುದು ಬೆಲೆ ಏರಿಕೆ.

1950-51ರಲ್ಲಿ ಭಾರತದ ತಲಾದಾಯ ಅಂದಿನ ರೂಪಾಯಿಗಳಲ್ಲಿ ಸುಮಾರು 270. 2023-24ರಲ್ಲಿ 1.85 ಲಕ್ಷದ ಆಸುಪಾಸು. ಭಾಗಿಸಿ ನೋಡಿದರೆ ಏಳುನೂರು ಪಟ್ಟಿನ ಹತ್ತಿರ. ನಮ್ಮ ಅಜ್ಜನಿಗಿಂತ ನಾವು ಏಳುನೂರು ಪಟ್ಟು ಉಣ್ಣುತ್ತಿಲ್ಲ, ಉಡುತ್ತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಹೋಟೆಲಿನ ಗೋಡೆಯ ದರಪಟ್ಟಿಯಲ್ಲಿ ಇಡ್ಲಿಯ ಬೆಲೆ ಬದಲಾದರೂ ಇಡ್ಲಿ ಅದೇ ಗಾತ್ರದ್ದಾಗಿದ್ದರೆ ದೇಶಕ್ಕೆ ಹೊಸದಾಗಿ ಸಿಕ್ಕಿದ್ದು ಏನೂ ಇಲ್ಲ. ಆದ್ದರಿಂದ ಲೆಕ್ಕಿಗರು ಒಂದು ವರ್ಷವನ್ನು ಮೂಲ ವರ್ಷವೆಂದು ಹಿಡಿದು, ಎಲ್ಲ ವರ್ಷಗಳ ಉತ್ಪನ್ನಕ್ಕೂ ಆ ವರ್ಷದ ಬೆಲೆಯನ್ನೇ ಹಾಕುತ್ತಾರೆ. ಇದಕ್ಕೆ ಸ್ಥಿರ ಬೆಲೆಯ ಲೆಕ್ಕ ಎನ್ನುತ್ತಾರೆ. ಆಯಾ ವರ್ಷದ ಬೆಲೆಯದ್ದು ಪ್ರಚಲಿತ ಬೆಲೆಯ ಲೆಕ್ಕ. 2011-12ರ ಬೆಲೆಯಲ್ಲಿ ಅಳೆದರೆ 1950-51ರ ತಲಾದಾಯ ಸುಮಾರು 12,500 ರೂಪಾಯಿ, 2023-24ರದ್ದು ಸುಮಾರು 1.06 ಲಕ್ಷ. ಅಂದರೆ ಎಂಟೂವರೆ ಪಟ್ಟು. ಏಳುನೂರರಲ್ಲಿ ಗಟ್ಟಿಯಾಗಿ ಉಳಿದದ್ದು ಇಷ್ಟು. ಇದು ಸಣ್ಣದಲ್ಲ. ಇದೇ ಅವಧಿಯಲ್ಲಿ ಜನಸಂಖ್ಯೆ 36 ಕೋಟಿಯಿಂದ 140 ಕೋಟಿಗೆ ಏರಿದೆ. ದೇಶದ ಒಟ್ಟು ಉತ್ಪನ್ನ ಮೂವತ್ತು ಪಟ್ಟಿಗಿಂತ ಹೆಚ್ಚು ಬೆಳೆದು, ಅದರಲ್ಲಿ ಬಹುಪಾಲು ಹೊಸ ತಲೆಗಳಿಗೆ ಹಂಚಿಹೋದ ಮೇಲೆ ಉಳಿದ ಏರಿಕೆ ಅದು.

ಯಾವ ಬೆಲೆಯಿಂದ ಅಳೆಯಬೇಕು ಎಂಬುದೇ ಸೂಕ್ಷ್ಮವಾದ ಪ್ರಶ್ನೆ. ನನ್ನ ವಿದ್ಯಾರ್ಥಿಯ ತಂದೆಯೂ ಮುಂಬೈಯಲ್ಲಿ ಸಪ್ಲೈಯರ್ ಆಗಿದ್ದವರು. 1980ರಲ್ಲಿ ಊಟ, ಮಲಗಲು ಜಾಗ ಕೊಟ್ಟು ತಿಂಗಳಿಗೆ ನೂರೈವತ್ತು ರೂಪಾಯಿ ಸಂಬಳವಂತೆ. ಅಕ್ಕಿ ಕಿಲೋಗೆ ಮೂರು ರೂಪಾಯಿ ಇತ್ತೆಂದು ಅವರು ಹೇಳುತ್ತಿದ್ದರಂತೆ. ಅಂದರೆ ಸಂಬಳಕ್ಕೆ ಐವತ್ತು ಕಿಲೋ ಅಕ್ಕಿ. ಮಗನ 22,000ಕ್ಕೆ ಕಿಲೋ 55ರ ಅಕ್ಕಿ ನಾನೂರು ಕಿಲೋ ಬರುತ್ತದೆ. ಅಕ್ಕಿಯ ಲೆಕ್ಕದಲ್ಲಿ ಮಗ ತಂದೆಗಿಂತ ಎಂಟು ಪಟ್ಟು ಮುಂದೆ. ಆದರೆ ತಂದೆ ತಮ್ಮ ಕೊನೆಯ ವರ್ಷಗಳಲ್ಲಿ ಪರೇಲಿನ ಚಾಳೊಂದರಲ್ಲಿ ಪಗಡಿ (ಬಾಡಿಗೆಯ ಹಕ್ಕಿಗೆ ಒಮ್ಮೆಗೇ ಕೊಡುವ ಹಣ) ಕೊಟ್ಟು ಒಂದು ಖೋಲಿ, ಅಂದರೆ ಕೋಣೆ, ಹಿಡಿದಿದ್ದರು. ಮಗ ಇಂದಿಗೂ ನಾಲ್ವರ ಜೊತೆ ಹೋಟೆಲಿನವರ ಕೋಣೆಯಲ್ಲಿ ಮಲಗುತ್ತಾರೆ. ಹೆಂಡತಿ ಮಕ್ಕಳನ್ನು ಕರೆತರಲು ಜಾಗವಿಲ್ಲ. ಮುಂಬೈ ಖೋಲಿಯ ಲೆಕ್ಕದಲ್ಲಿ ಅವರು ತಂದೆಗಿಂತ ಹಿಂದೆ ಬಿದ್ದಿದ್ದಾರೆ. ತಂದೆಯ ಕಾಲದಲ್ಲಿ ಊರಿಗೆ ಫೋನು ಮಾಡುವುದೇ ಕನಸಾಗಿತ್ತು, ಮಗ ದಿನಾ ರಾತ್ರಿ ಮಕ್ಕಳ ಮುಖ ನೋಡಿ ಮಾತನಾಡುತ್ತಾರೆ. ಬೆಲೆ ಏರಿಕೆಯನ್ನು ಕಳೆಯುವುದು ಎಂದರೆ ಇಂಥ ಸಾವಿರಾರು ವಸ್ತುಗಳನ್ನು ತಕ್ಕಡಿಗೆ ಹಾಕಿ, ಯಾವುದಕ್ಕೆ ಎಷ್ಟು ತೂಕ ಎಂದು ನಿರ್ಧರಿಸಿ, ಒಂದೇ ಅಂಕಿಗೆ ತರುವುದು. ಆ ತೂಕ ಹಳತಾಗುತ್ತದೆ. 1980ರ ಬುಟ್ಟಿಯಲ್ಲಿ ಮೊಬೈಲ್ ಇರಲಿಲ್ಲ. ಆದ್ದರಿಂದಲೇ ಹಲವು ವರ್ಷಗಳಿಗೊಮ್ಮೆ ಮೂಲ ವರ್ಷ ಬದಲಾಯಿಸುತ್ತಾರೆ. 2015ರ ಆರಂಭದಲ್ಲಿ 2004-05ರ ಜಾಗಕ್ಕೆ 2011-12 ಬಂದಾಗ ಬೆಳವಣಿಗೆಯ ಅಂಕಿಗಳೂ ಬದಲಾದವು, ಅದರ ಬಗ್ಗೆ ಅರ್ಥಶಾಸ್ತ್ರಜ್ಞರ ನಡುವೆ ವರ್ಷಗಟ್ಟಲೆ ಚರ್ಚೆ ನಡೆಯಿತು. ಭಾಜಕವೂ ಅಂದಾಜೇ. ಕೈಯಲ್ಲಿರುವ ಪೂರ್ಣ ಜನಗಣತಿ 2011ರದ್ದು, ಆ ಬಳಿಕದ ತಲೆಗಳನ್ನೆಲ್ಲ ಲೆಕ್ಕಿಗರು ಊಹಿಸಿ ಹಾಕಿದ್ದಾರೆ.

ಇನ್ನು ಚಕ್ರಬಡ್ಡಿ. ಬೆಳವಣಿಗೆಯೂ ಬಡ್ಡಿಯ ಮೇಲೆ ಬಡ್ಡಿಯಂತೆ ಕೂಡುತ್ತ ಹೋಗುತ್ತದೆ. ರಾತ್ರಿ ಶಾಲೆಯಲ್ಲಿ ನಾನು ಹೇಳಿಕೊಡುತ್ತಿದ್ದ ಸರಳ ಸೂತ್ರವೊಂದಿದೆ: ಎಪ್ಪತ್ತನ್ನು ಬೆಳವಣಿಗೆಯ ದರದಿಂದ ಭಾಗಿಸಿದರೆ ಎರಡು ಪಟ್ಟಾಗಲು ಬೇಕಾದ ವರ್ಷಗಳು ಸಿಗುತ್ತವೆ. 1950ರಿಂದ 1980ರವರೆಗೆ ದೇಶದ ಉತ್ಪನ್ನ ವರ್ಷಕ್ಕೆ ಶೇಕಡಾ 3.5ರಷ್ಟು ಬೆಳೆಯಿತು, ಜನಸಂಖ್ಯೆ 2.2ರಷ್ಟು. ತಲೆಗೆ ಉಳಿದದ್ದು 1.3. ಎಪ್ಪತ್ತನ್ನು 1.3ರಿಂದ ಭಾಗಿಸಿ: ಐವತ್ತನಾಲ್ಕು ವರ್ಷ. ಒಬ್ಬ ಮನುಷ್ಯನ ದುಡಿಮೆಯ ಆಯುಷ್ಯಕ್ಕಿಂತ ಹೆಚ್ಚು. 1991ರ ನಂತರದ ಮೂರು ದಶಕಗಳಲ್ಲಿ ತಲಾ ಬೆಳವಣಿಗೆ ಸರಾಸರಿ ನಾಲ್ಕೂವರೆಯಷ್ಟು. ಹದಿನೈದು ಹದಿನಾರು ವರ್ಷಕ್ಕೆ ಎರಡು ಪಟ್ಟು. ಶೇಕಡಾ ಮೂರರಷ್ಟರ ಈ ವ್ಯತ್ಯಾಸ ಕಾಗದದ ಮೇಲೆ ಕಣ್ಣಿಗೂ ಬೀಳುವುದಿಲ್ಲ. ಒಂದರಲ್ಲಿ ಮೊಮ್ಮಗ ಕಾಣುವ ಬದಲಾವಣೆಯನ್ನು ಇನ್ನೊಂದರಲ್ಲಿ ಮಗ ಹರೆಯದಲ್ಲೇ ಕಾಣುತ್ತಾನೆ.

ಆ ಮೊದಲ ಮೂವತ್ತು ವರ್ಷಗಳನ್ನು ಹೀಗಳೆಯುವುದು ಈಗ ರೂಢಿಯಾಗಿದೆ. ನನಗೆ ಅದು ಅನ್ಯಾಯವೆನಿಸುತ್ತದೆ. ಅದರ ಹಿಂದಿನ ಐವತ್ತು ವರ್ಷಗಳಲ್ಲಿ, ಅಂದರೆ 1900ರಿಂದ ಸ್ವಾತಂತ್ರ್ಯದವರೆಗೆ, ಭಾರತದ ತಲಾ ಉತ್ಪನ್ನ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು ಎಂದು ಆಂಗಸ್ ಮ್ಯಾಡಿಸನ್ ಅವರಂಥ ಆರ್ಥಿಕ ಇತಿಹಾಸಕಾರರ ಅಂದಾಜುಗಳು ತೋರಿಸುತ್ತವೆ. ಸೊನ್ನೆಯಿಂದ 1.3ಕ್ಕೆ ಬಂದದ್ದೂ ಒಂದು ತಿರುವೇ. ಆದರೆ ಬೇರೆಯವರು ಆ ಹೊತ್ತಿನಲ್ಲಿ ಎಷ್ಟು ನಡೆದರು ಎಂದು ನೋಡಿದಾಗ ನೋವಾಗುವುದೂ ನಿಜ. ವಿಶ್ವಬ್ಯಾಂಕಿನ ಲೆಕ್ಕದಲ್ಲಿ 1960ರಲ್ಲಿ ದಕ್ಷಿಣ ಕೊರಿಯಾದ ತಲಾ ಜಿಡಿಪಿ ನಮ್ಮದರ ಎರಡು ಪಟ್ಟಿನಷ್ಟಿತ್ತು, ಈಗ ಹದಿಮೂರು ಪಟ್ಟಿನಷ್ಟಿದೆ. 1990ರಲ್ಲಿ ಡಾಲರ್ ಲೆಕ್ಕದಲ್ಲಿ ಚೀನಾ ನಮಗಿಂತ ಸ್ವಲ್ಪ ಕೆಳಗಿತ್ತು. 2023ರಲ್ಲಿ ನಮ್ಮದು 2,500 ಡಾಲರ್, ಅವರದು 12,600ರ ಮೇಲೆ. ಒಂದೇ ತಲೆಮಾರಿನಲ್ಲಿ ಐದು ಪಟ್ಟು ಅಂತರ.

ಡಾಲರ್ ಲೆಕ್ಕ ಓದುವಾಗ ಒಂದು ಎಚ್ಚರ ಬೇಕು. 1991ರ ಜುಲೈಯಲ್ಲಿ ರೂಪಾಯಿಯ ಮೌಲ್ಯವನ್ನು ಎರಡು ಹಂತಗಳಲ್ಲಿ ಇಳಿಸಿದರು. ಆ ವರ್ಷ ಭಾರತದ ತಲಾ ಜಿಡಿಪಿ ಡಾಲರ್‌ಗಳಲ್ಲಿ ಸುಮಾರು 370ರಿಂದ 300ರ ಆಸುಪಾಸಿಗೆ ಬಿತ್ತು. ಯಾರ ಮನೆಯ ಒಲೆಯೂ ಐದರಲ್ಲೊಂದು ಭಾಗ ಆರಲಿಲ್ಲ. ಬದಲಾದದ್ದು ವಿನಿಮಯ ದರ. ಒಂದು ಡಾಲರಿಗೆ ಅಮೆರಿಕದಲ್ಲಿ ಸಿಗುವಷ್ಟನ್ನು ಇಲ್ಲಿ ಕೊಳ್ಳಲು ಸುಮಾರು ಇಪ್ಪತ್ತು ರೂಪಾಯಿ ಸಾಕು ಎಂಬ ಲೆಕ್ಕದ ಮೇಲೆ, ಕೊಳ್ಳುವ ಶಕ್ತಿಯನ್ನು ಸರಿದೂಗಿಸಿ ಅಳೆದರೆ ನಮ್ಮ ತಲಾ ಜಿಡಿಪಿ ಹತ್ತು ಸಾವಿರ ಡಾಲರ್ ದಾಟುತ್ತದೆ. ಊಟ, ಕ್ಷೌರ, ಆಟೋರಿಕ್ಷಾಗಳಿಗೆ ಈ ಅಳತೆ ಸರಿ. ಕಚ್ಚಾ ತೈಲವನ್ನು ಮಾತ್ರ ಯಾರೂ ಇಪ್ಪತ್ತು ರೂಪಾಯಿಯ ಡಾಲರಿಗೆ ಕೊಡುವುದಿಲ್ಲ.

ತಲಾ ಉತ್ಪನ್ನ ಏರುವುದು ಹೇಗೆ? ಈ ಪ್ರಶ್ನೆಗೆ ನಾನು ಯಾವಾಗಲೂ ಹೋಟೆಲಿನ ಹಿತ್ತಲನ್ನು ತೋರಿಸುತ್ತೇನೆ. ಹಳೆಯ ಹೋಟೆಲುಗಳಲ್ಲಿ ರುಬ್ಬುವ ಕಲ್ಲಿನ ಮುಂದೆ ಕುಳಿತು ಹುಡುಗರು ರಾತ್ರಿಯೆಲ್ಲ ಹಿಟ್ಟು ರುಬ್ಬುತ್ತಿದ್ದರು. ನನ್ನ ತರಗತಿಗೆ ಬರುತ್ತಿದ್ದವರ ಅಂಗೈಯಲ್ಲಿ ಗುಂಡುಕಲ್ಲು ತಿರುಗಿಸಿದ ಜಡ್ಡು ಇರುತ್ತಿತ್ತು. ಲೆಕ್ಕ ಬಿಡಿಸುತ್ತಲೇ ನಿದ್ದೆ ಹೋಗುತ್ತಿದ್ದರು. ವಿದ್ಯುತ್ ಗ್ರೈಂಡರ್ ಬಂದ ಮೇಲೆ ಮೂವರು ಇರುಳಿಡೀ ಮಾಡುತ್ತಿದ್ದ ಕೆಲಸ ಒಬ್ಬರಿಂದ ಒಂದೆರಡು ಗಂಟೆಯಲ್ಲಿ ಮುಗಿಯಿತು. ಅದೇ ಮನುಷ್ಯ, ಅದೇ ಅಕ್ಕಿ, ತಲೆಗೆ ಹೆಚ್ಚು ಇಡ್ಲಿ. ಯಂತ್ರ, ಯಂತ್ರ ನಡೆಸುವ ಕರೆಂಟು, ಅದನ್ನು ಕಲಿತ ಕೈ ಮೂರೂ ಸೇರಿದಾಗ ಉತ್ಪನ್ನ ಏರುತ್ತದೆ. ಉಳಿದ ಇಬ್ಬರು ಹುಡುಗರು ಎಲ್ಲಿಗೆ ಹೋದರು ಎಂಬುದೇ ಮುಂದಿನ ಕತೆ. ಅವರು ಸಪ್ಲೈಯರ್ ಆದರೆ, ಗಲ್ಲಾದಲ್ಲಿ ಕುಳಿತರೆ, ಶಾಲೆ ಮುಗಿಸಿ ಬ್ಯಾಂಕು ಸೇರಿದರೆ ದೇಶ ಬೆಳೆಯಿತು. ಕೆಲಸವಿಲ್ಲದೆ ಊರಿಗೆ ಮರಳಿ ನಾಲ್ವರು ಮಾಡುವ ಗದ್ದೆಯಲ್ಲಿ ಐದನೆಯವರಾದರೆ ಬೆಳವಣಿಗೆ ಅಲ್ಲೇ ಸೋರಿಹೋಯಿತು. ಇಂದಿಗೂ ದೇಶದ ದುಡಿಯುವ ಜನರಲ್ಲಿ ಶೇಕಡಾ 45ರಷ್ಟು ಮಂದಿ ಕೃಷಿಯಲ್ಲಿದ್ದಾರೆ, ಉತ್ಪನ್ನದಲ್ಲಿ ಕೃಷಿಯ ಪಾಲು ಐದನೆಯ ಒಂದು ಭಾಗಕ್ಕಿಂತ ಕಡಿಮೆ. ಈ ಅಂತರವೇ ಕಲಬುರಗಿ, ಯಾದಗಿರಿ, ವಿಜಯಪುರದ ಕುಟುಂಬಗಳನ್ನು ಪುಣೆಯ ಕಟ್ಟಡ ಕೆಲಸಕ್ಕೆ ಎಳೆದು ತರುತ್ತದೆ. ರಾಜ್ಯದ ಸರಾಸರಿಯಲ್ಲಿ ಕರ್ನಾಟಕ ಇತ್ತೀಚೆಗೆ ಮಹಾರಾಷ್ಟ್ರಕ್ಕಿಂತ ಮೇಲಿದೆ. ಆದರೆ ಆ ಸರಾಸರಿಯನ್ನು ಎತ್ತಿ ಹಿಡಿದಿರುವುದು ಬೆಂಗಳೂರು. ಕಲಬುರಗಿ ಜಿಲ್ಲೆ ಪಟ್ಟಿಯ ಕೊನೆಯಲ್ಲಿದೆ.

ಪರೇಲಿನ ಗಿರಣಿಗಳ ನೆಲದಲ್ಲಿ ಇನ್ನೊಂದು ಪಾಠವಿದೆ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಎರಡೂವರೆ ಲಕ್ಷದಷ್ಟು ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಗಿರಣಿಗಳು ಮತ್ತೆ ಮೊದಲಿನಂತಾಗಲೇ ಇಲ್ಲ. ಇಂದು ಅದೇ ನೆಲದಲ್ಲಿ ಮಾಲ್‌ಗಳು, ಹಣಕಾಸು ಕಂಪನಿಗಳ ಕಚೇರಿಗಳು ನಿಂತಿವೆ. ಅಲ್ಲಿ ದುಡಿಯುವ ಒಬ್ಬೊಬ್ಬರೂ ಸೇರಿಸುವ ಮೌಲ್ಯ ಹಳೆಯ ಮಗ್ಗದ ಕಾರ್ಮಿಕ ಸೇರಿಸುತ್ತಿದ್ದುದಕ್ಕಿಂತ ಬಹಳ ಹೆಚ್ಚು. ನಗರದ ತಲಾ ಉತ್ಪನ್ನ ಏರಿತು. ಆದರೆ ಏರಿದ್ದು ಬೇರೆ ಜನರಿಂದ. ಗಿರಣಿಯವರು ಆ ಗಾಜಿನ ಕಟ್ಟಡಗಳೊಳಗೆ ಕೆಲಸಗಾರರಾಗಿ ಹೋಗಲಿಲ್ಲ. ಕೆಲವರ ಮಕ್ಕಳು ಬಾಗಿಲಲ್ಲಿ ಕಾವಲು ನಿಂತರು. ಸರಾಸರಿಯ ಗೆರೆ ಮೇಲೇರುವಾಗ ಅದರ ಕೆಳಗೆ ಜನ ಅದಲುಬದಲಾಗಿರುತ್ತಾರೆ. ಈ ಮಾತು ಯಾವ ನಕ್ಷೆಯಲ್ಲೂ ಕಾಣುವುದಿಲ್ಲ, ಗಿರಣಿಗಳ ಈ ಪ್ರದೇಶವಾದ ಗಿರಣಗಾಂವದಲ್ಲಿ ಬದುಕಿದವರಿಗೆ ಮಾತ್ರ ಗೊತ್ತು.

ಎಣಿಕೆಗೇ ಬಾರದ್ದು ಇನ್ನೂ ದೊಡ್ಡದು. ಗಿರಣಿಗಳ ಕಾಲದಲ್ಲಿ ಒಂಟಿ ಕಾರ್ಮಿಕರಿಗೆ ದುಡ್ಡಿಗೆ ಊಟ ಹಾಕುತ್ತಿದ್ದ ಖಾನಾವಳಿಯ ಹೆಂಗಸರಿದ್ದರು. ಅವರು ಬೇಯಿಸಿದ ಅನ್ನ ತತ್ವಶಃ ದೇಶದ ಉತ್ಪನ್ನ. ಅದೇ ಹೆಂಗಸು ಅದೇ ಒಲೆಯ ಮೇಲೆ ಗಂಡ ಮಕ್ಕಳಿಗೆ ಬೇಯಿಸಿದ್ದು ಉತ್ಪನ್ನವಲ್ಲ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ ಎಂದು ಕಂಡುಬಂತು. ತೊಡಗುವ ಗಂಡಸರು ಕೊಡುವುದು 97 ನಿಮಿಷ. ಸ್ವಂತ ಮನೆಯಲ್ಲಿ ಇರುವವರ ಮನೆಗೆ ಬಾಡಿಗೆ ಬರುತ್ತಿದ್ದರೆ ಎಷ್ಟು ಬರುತ್ತಿತ್ತು ಎಂದು ಊಹಿಸಿ ಜಿಡಿಪಿಗೆ ಸೇರಿಸುವ ಲೆಕ್ಕಿಗರು, ಆ ಮನೆಯೊಳಗಿನ ಐದು ಗಂಟೆಯ ದುಡಿಮೆಯನ್ನು ಹೊರಗಿಡುತ್ತಾರೆ. ಇದು ತಪ್ಪು ಎಂದೇ ನಾನು ನಂಬುತ್ತೇನೆ. 1934ರಲ್ಲಿ ಅಮೆರಿಕದ ಸೆನೆಟ್‌ಗೆ ರಾಷ್ಟ್ರೀಯ ಆದಾಯದ ಲೆಕ್ಕ ಒಪ್ಪಿಸಿದ ಸೈಮನ್ ಕುಜ್ನೆಟ್ಸ್ ಅವರೇ, ದೇಶದ ಕ್ಷೇಮವನ್ನು ಈ ಅಂಕಿಯಿಂದ ಅಳೆಯಲಾಗದು ಎಂದು ಎಚ್ಚರಿಸಿದ್ದರು. ತಲಾದಾಯದಲ್ಲಿ ದೇಶದ ಸರಾಸರಿಗಿಂತ ಕೆಳಗಿದ್ದ ದಶಕಗಳಲ್ಲೂ ಕೇರಳ ಆಯುಷ್ಯದಲ್ಲಿ, ಅಕ್ಷರದಲ್ಲಿ ಎಲ್ಲರಿಗಿಂತ ಮುಂದಿತ್ತು.

ಇಷ್ಟು ಕೊರತೆಗಳಿದ್ದರೂ ನಾನು ಈ ಅಂಕಿಯನ್ನು ಕೈಬಿಡಲಾರೆ. 1951ರಲ್ಲಿ ದೇಶದ ನೂರಕ್ಕೆ ಹದಿನೆಂಟು ಜನ ಓದು ಬಲ್ಲವರಾಗಿದ್ದರು, 2011ಕ್ಕೆ ಎಪ್ಪತ್ತನಾಲ್ಕು. ಶಾಲೆ ಕಟ್ಟಲು, ದಾದಿಯರಿಗೆ ಸಂಬಳ ಕೊಡಲು, ಗ್ರೈಂಡರಿಗೆ ಕರೆಂಟು ತರಲು ಎಲ್ಲಿಂದಲೋ ಉತ್ಪನ್ನ ಬರಲೇಬೇಕು. ಎಂಟೂವರೆ ಪಟ್ಟು ಬೆಳೆಯದ ದೇಶದಲ್ಲಿ ಹಂಚುವ ಮಾತಿಗೂ ಜಾಗ ಕಡಿಮೆ.

ಕಳೆದ ವಾರ ಮತ್ತೆ ಆ ಹೋಟೆಲಿಗೆ ಹೋಗಿದ್ದೆ. ಬಿಲ್ಲಿನ ಚೀಟಿಯ ಹಿಂದೆ ಅವರಿಗೆ ಲೆಕ್ಕ ಬರೆದುಕೊಟ್ಟೆ. ಎರಡು ಲಕ್ಷವೆಂಬುದು ಯಾರ ಸಂಬಳವೂ ಅಲ್ಲ. ಅದರಲ್ಲಿ ಕಂಪನಿಗಳು ಹಂಚದೆ ಇಟ್ಟುಕೊಂಡ ಲಾಭವಿದೆ, ನಿಮ್ಮ ಮಕ್ಕಳು ಓದಿದ ಸರ್ಕಾರಿ ಶಾಲೆಯ ಮಾಸ್ತರರ ಸಂಬಳವಿದೆ, ಮಲಬಾರ್ ಹಿಲ್ಲಿನ ಸ್ವಂತ ಮನೆಗಳ ಊಹೆಯ ಬಾಡಿಗೆಯಿದೆ. ಎತ್ತರದ ಕೆಲವರು ಸರಾಸರಿಯನ್ನು ಮೇಲಕ್ಕೆ ಎಳೆಯುವುದರಿಂದ ದೇಶದ ಬಹುಪಾಲು ಮನೆಗಳು ಅದರ ಕೆಳಗೇ ಇರುತ್ತವೆ ಎಂದೆ. ಅವರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಮಾಸ್ಟ್ರೇ, ಮಗಳು ಈ ವರ್ಷ ನರ್ಸಿಂಗ್ ಸೇರಿದ್ದಾಳೆ. ಅವಳು ಸಂಬಳಕ್ಕೆ ಬಂದರೆ ಐದು ತಲೆಗೆ ಎರಡು ಸಂಬಳ ಆಗುತ್ತದೆ, ಅಲ್ಲವೇ?"

ಆಗುತ್ತದೆ ಎಂದೆ. ಅವರು ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಏಳನೆಯ ಮೇಜಿಗೆ ನೀರು ಇಡಲು ಹೋದರು.